ಬೆಳವಣಿಗೆಯ ಮನೋಭಾವ

ಬೆಳವಣಿಗೆಯ ಮನೋಭಾವ ಎಂದರೆ ಬುದ್ಧಿಶಕ್ತಿ ಮತ್ತು ಸಾಮರ್ಥ್ಯಗಳು ಹುಟ್ಟಿನಿಂದಲೇ ನಿಗದಿಯಾದವುಗಳಲ್ಲ, ಪರಿಶ್ರಮ, ಸೂಕ್ತ ಕಲಿಕಾ ವಿಧಾನ ಹಾಗೂ ಇತರರ ಮಾರ್ಗದರ್ಶನದಿಂದ ಅವುಗಳನ್ನು ಬೆಳೆಸಿಕೊಳ್ಳಬಹುದು ಎಂಬ ನಂಬಿಕೆ. ಇದಕ್ಕೆ ವಿರುದ್ಧವಾದುದು ಸ್ಥಿರ ಮನೋಭಾವ. ಅಮೆರಿಕದ ಮನಶ್ಶಾಸ್ತ್ರಜ್ಞೆ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಕ್ಯಾರಲ್ ಡ್ವೆಕ್ ಈ ಪರಿಕಲ್ಪನೆಯನ್ನು ರೂಪಿಸಿದರು. 2006ರಲ್ಲಿ ಪ್ರಕಟವಾದ ಅವರ 'ಮೈಂಡ್‌ಸೆಟ್' ಕೃತಿಯ ಮೂಲಕ ಇದು ಶಿಕ್ಷಣ ಕ್ಷೇತ್ರದಲ್ಲಿ ವ್ಯಾಪಕ ಪ್ರಚಾರ ಪಡೆಯಿತು.

ಹಿನ್ನೆಲೆ

ಸಾಮರ್ಥ್ಯದಲ್ಲಿ ಸಮಾನರಾದ ಮಕ್ಕಳಲ್ಲಿ ಕೆಲವರು ಸೋಲು ಎದುರಾದೊಡನೆ ಕೈಚೆಲ್ಲುತ್ತಾರೆ, ಕೆಲವರು ಬೇರೆ ದಾರಿ ಹುಡುಕುತ್ತಾರೆ. ಈ ವ್ಯತ್ಯಾಸದ ಕಾರಣವನ್ನು ಡ್ವೆಕ್ 1970ರ ದಶಕದಿಂದ ಅಧ್ಯಯನ ಮಾಡಿದರು. ಅವರ ಪ್ರಕಾರ, ಬುದ್ಧಿಶಕ್ತಿ ಬದಲಾಗದು ಎಂದು ನಂಬಿದ ವಿದ್ಯಾರ್ಥಿಗೆ ತಪ್ಪು ಉತ್ತರವು ತನ್ನ ಅಸಾಮರ್ಥ್ಯದ ಸಾಕ್ಷಿಯಾಗಿ ಕಾಣುತ್ತದೆ. ಅದು ಬೆಳೆಯಬಲ್ಲದು ಎಂದು ನಂಬಿದ ವಿದ್ಯಾರ್ಥಿಗೆ ಅದೇ ತಪ್ಪು ಮುಂದೇನು ಕಲಿಯಬೇಕೆಂಬುದನ್ನು ತೋರಿಸುತ್ತದೆ.

ಪ್ರಶಂಸೆಯ ಪ್ರಯೋಗಗಳು

ಕ್ಲಾಡಿಯಾ ಮುಲ್ಲರ್ ಮತ್ತು ಡ್ವೆಕ್ ಐದನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳ ಫಲಿತಾಂಶವನ್ನು 1998ರಲ್ಲಿ ಪ್ರಕಟಿಸಿದರು. ಮೊದಲ ಸುತ್ತಿನ ಸಮಸ್ಯೆಗಳನ್ನು ಬಿಡಿಸಿದ ಮಕ್ಕಳಲ್ಲಿ ಕೆಲವರ ಜಾಣತನವನ್ನೂ, ಕೆಲವರ ಪರಿಶ್ರಮವನ್ನೂ ಹೊಗಳಲಾಯಿತು. ಬಳಿಕ ಎಲ್ಲರಿಗೂ ಹೆಚ್ಚು ಕಠಿಣವಾದ ಸಮಸ್ಯೆಗಳನ್ನು ನೀಡಲಾಯಿತು. ಕೊನೆಯಲ್ಲಿ ಮೊದಲಿನಷ್ಟೇ ಮಟ್ಟದ ಸಮಸ್ಯೆಗಳನ್ನು ಕೊಟ್ಟಾಗ, ಜಾಣತನಕ್ಕಾಗಿ ಹೊಗಳಿಸಿಕೊಂಡವರ ಸಾಧನೆ ಕುಸಿದರೆ, ಪರಿಶ್ರಮಕ್ಕಾಗಿ ಹೊಗಳಿಸಿಕೊಂಡವರ ಸಾಧನೆ ಸುಧಾರಿಸಿತು.

ತರಗತಿಯಲ್ಲಿ ಅಳವಡಿಕೆ

ಶಿಕ್ಷಕರು ಸಾಮಾನ್ಯವಾಗಿ ಈ ಕ್ರಮಗಳನ್ನು ಅನುಸರಿಸುತ್ತಾರೆ:

• 'ನೀನು ಜಾಣ' ಎನ್ನುವ ಬದಲು, ವಿದ್ಯಾರ್ಥಿ ಅನುಸರಿಸಿದ ವಿಧಾನವನ್ನು ಹೆಸರಿಸಿ ಮೆಚ್ಚುವುದು.
• 'ನನಗೆ ಗಣಿತ ಬರುವುದಿಲ್ಲ' ಎಂಬ ಮಾತನ್ನು 'ನನಗೆ ಇನ್ನೂ ಬಂದಿಲ್ಲ' ಎಂದು ತಿದ್ದುವುದು.
• ತಪ್ಪು ಉತ್ತರಕ್ಕೆ ಕಾರಣವಾದ ಹಂತವನ್ನು ತರಗತಿಯಲ್ಲಿ ಚರ್ಚಿಸುವುದು.
• ಮೌಲ್ಯಮಾಪನದ ನಂತರ ಉತ್ತರವನ್ನು ತಿದ್ದಿ ಮತ್ತೆ ಬರೆಯಲು ಅವಕಾಶ ನೀಡುವುದು.

ಕೇವಲ ಪರಿಶ್ರಮವನ್ನು ಹೊಗಳುವುದು ಬೆಳವಣಿಗೆಯ ಮನೋಭಾವವಲ್ಲ ಎಂದು ಡ್ವೆಕ್ 2015ರಲ್ಲಿ ಎಚ್ಚರಿಸಿದರು. ಫಲ ನೀಡದ ವಿಧಾನಕ್ಕೇ ಅಂಟಿಕೊಂಡಿರುವ ಮಗುವಿಗೆ ಬೇಕಾದುದು ಹೊಸ ವಿಧಾನ ಮತ್ತು ನೆರವು. ಬರಿಯ ಸಮಾಧಾನದ ಮಾತಿನಿಂದ ಕಲಿಕೆ ಮುಂದುವರಿಯುವುದಿಲ್ಲ.

ಪರಿಣಾಮ ಮತ್ತು ವಿಮರ್ಶೆ

2018ರಲ್ಲಿ ಪ್ರಕಟವಾದ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಈ ಮನೋಭಾವಕ್ಕೂ ಶೈಕ್ಷಣಿಕ ಸಾಧನೆಗೂ ಇರುವ ಸಂಬಂಧ ದುರ್ಬಲವೆಂದು ಕಂಡುಕೊಂಡಿತು. ಡೇವಿಡ್ ಯೇಗರ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಭಾಗವಹಿಸಿದ್ದರು. ಒಂದು ಗಂಟೆಗೂ ಕಡಿಮೆ ಅವಧಿಯ ಆನ್‌ಲೈನ್ ಪಾಠದಿಂದ, ಕಲಿಕೆಯಲ್ಲಿ ಹಿಂದುಳಿದಿದ್ದವರ ಗ್ರೇಡ್ ಸರಾಸರಿಯು ಸುಮಾರು 0.1ರಷ್ಟು ಏರಿತು. ಕಠಿಣ ಸವಾಲುಗಳನ್ನು ಆಯ್ದುಕೊಳ್ಳುವುದನ್ನು ಸಹಪಾಠಿಗಳೂ ಬೆಂಬಲಿಸುವ ಶಾಲೆಗಳಲ್ಲಿ ಈ ಪ್ರಯೋಜನ ಹೆಚ್ಚಾಗಿ ಕಂಡುಬಂದಿತು.

ಕಲಿಕೆಯ ಹೊಣೆಯನ್ನು ಮಗುವಿನ ಮನೋಭಾವದ ಮೇಲಷ್ಟೇ ಹೊರಿಸಿದರೆ ಬಡತನ, ಶಿಕ್ಷಕರ ಕೊರತೆ ಮೊದಲಾದ ಕಾರಣಗಳು ಮರೆಯಾಗುತ್ತವೆ ಎಂಬುದು ವಿಮರ್ಶಕರ ಮತ್ತೊಂದು ಆಕ್ಷೇಪ.