ಮದುವೆಯ ಹಣಕ್ಕಾಗಿ ಮೂರು ವರ್ಷ

ಉಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದ ಕಾಲದಲ್ಲಿ ನಮ್ಮ ಕೇರಿಯ ಎಷ್ಟೋ ಹುಡುಗಿಯರ ಮದುವೆಯ ಚಿನ್ನದಲ್ಲಿ ಅವರದೇ ಬೆರಳಿನ ದುಡಿಮೆ ಇರುತ್ತಿತ್ತು. "ಮನೆಯೊಳಗಿನ ಕೆಲಸ, ಮರ್ಯಾದೆಗೆ ಭಯವಿಲ್ಲ" ಎನ್ನುತ್ತಿದ್ದರು ಹಿರಿಯರು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನೂಲಿನ ಗಿರಣಿಗಳ ಚರಿತ್ರೆ ಓದುವಾಗ ಆ ಮಾತು ನನಗೆ ಮತ್ತೆ ನೆನಪಾಯಿತು.

1930ರ ದಶಕದಲ್ಲಿ ಪೈಕಾರದ ಜಲವಿದ್ಯುತ್ ಬಂದ ಮೇಲೆ ಕೊಯಮತ್ತೂರಿನಲ್ಲಿ ಗಿರಣಿಗಳು ಬೆಳೆದವು. ಮುಂದೆ ತಿರುಪ್ಪೂರಿನ ಬನಿಯನ್, ಟೀ ಶರ್ಟ್‌ಗಳು ಹೊರದೇಶಗಳಿಗೆ ಹೋಗತೊಡಗಿದಾಗ ಕಡಿಮೆ ಕೂಲಿಯ ಕೈಗಳು ಬೇಕಾದವು. ಆಗ ಹರಡಿದ್ದು 'ಸುಮಂಗಲಿ ತಿಟ್ಟಂ'. ಬಡ ಮನೆಯ, ಅದರಲ್ಲೂ ಬಹಳಷ್ಟು ದಲಿತ ಮನೆಗಳ, ಮದುವೆಯಾಗದ ಹುಡುಗಿ ಮೂರು ವರ್ಷ ಗಿರಣಿಯ ಹಾಸ್ಟೆಲಿನಲ್ಲಿದ್ದು ದುಡಿಯಬೇಕು. ಕೊನೆಗೆ 30ರಿಂದ 50 ಸಾವಿರ ರೂಪಾಯಿಯಷ್ಟು ಇಡಿಗಂಟು, ಮದುವೆಗೆಂದು. ವರದಕ್ಷಿಣೆಯನ್ನು ಕಾನೂನು ನಿಷೇಧಿಸಿದ್ದು 1961ರಲ್ಲಿ!

ಹೊರಗೆ ಒಬ್ಬಳೇ ಹೋಗುವಂತಿಲ್ಲ, ಫೋನಿಗೂ ನಿರ್ಬಂಧ. ನಡುವೆ ಬಿಟ್ಟು ಹೋದರೆ ಇಡಿಗಂಟು ಹೋಯಿತು. ಕೇಳಿದರೆ ಉತ್ತರ ಒಂದೇ: ಹೆಣ್ಣುಮಕ್ಕಳ ರಕ್ಷಣೆಗಾಗಿ. 2011ರಲ್ಲಿ ನೆದರ್ಲೆಂಡ್ಸಿನ ಎರಡು ಸಂಸ್ಥೆಗಳು ವರದಿ ತಂದ ಮೇಲೆ ಬಟ್ಟೆ ಕೊಳ್ಳುವ ದೇಶಗಳಿಗೂ ಇದು ತಿಳಿಯಿತು.

ಮಾರ್ಗರೆಟ್ ಅಟ್‌ವುಡ್ 1985ರಲ್ಲಿ ಬರೆದ 'ದಿ ಹ್ಯಾಂಡ್‌ಮೇಡ್ಸ್ ಟೇಲ್' ಕಾದಂಬರಿಯಲ್ಲಿ ಒಂದು ಭಯಂಕರ ನಾಳೆ ಇದೆ. ಅಲ್ಲಿ ಹೆಂಗಸರ ಓದು, ಹಣ, ಹೆಸರು ಎಲ್ಲವನ್ನೂ ಕಿತ್ತುಕೊಂಡು, ನೀವೀಗ ಸುರಕ್ಷಿತರು ಎನ್ನುತ್ತಾರೆ. ಗಿರಣಿಯ ಹುಡುಗಿಗೆ ಅದು ಕಲ್ಪನೆಯ ನಾಳೆ ಎನಿಸಲಾರದು.

ಇದಕ್ಕೆ ಉತ್ತರ 80 ವರ್ಷ ಮೊದಲೇ ಬಂದಿತ್ತು. 1905ರಲ್ಲಿ ಬಂಗಾಳದ ರುಕಿಯಾ ಸಖಾವತ್ ಹುಸೇನ್ ಬರೆದ 'ಸುಲ್ತಾನಾಸ್ ಡ್ರೀಮ್' ಎಂಬ ಕಥೆ ಮದ್ರಾಸಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ನಮ್ಮ ದಕ್ಷಿಣ ಕನ್ನಡವೂ ಕೊಯಮತ್ತೂರೂ ಆಗ ಅದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಕಥೆಯ ನಾಡಿನಲ್ಲಿ ಗಂಡಸರು ಮನೆಯೊಳಗೆ. ಹೆಂಗಸರು ಬಿಸಿಲಿನ ಶಾಖದಿಂದ ಅಡುಗೆ ಮಾಡುತ್ತಾರೆ, ದಿನಕ್ಕೆ ಎರಡೇ ಗಂಟೆ ದುಡಿದು ದೇಶ ನಡೆಸುತ್ತಾರೆ. ಆ ಮುಸ್ಲಿಂ ಹೆಣ್ಣುಮಗಳು ನಗುನಗುತ್ತಲೇ ಕೇಳಿದ ಪ್ರಶ್ನೆ ಇಷ್ಟೆ: ತೊಂದರೆ ಕೊಡುವವರನ್ನು ಹೊರಗೆ ಬಿಟ್ಟು, ಏನೂ ಮಾಡದವರನ್ನು ಒಳಗೆ ಕೂಡುವುದು ಯಾವ ನ್ಯಾಯ?

ಉಮ್ಮನ ಜಗಲಿಗೆ ಗೇಟಿರಲಿಲ್ಲ, ಕಾವಲುಗಾರನೂ ಇರಲಿಲ್ಲ. ಅವಳ ದುಡಿಮೆಯನ್ನು ಗಿರಣಿಯ ದುಡಿಮೆಗೆ ಸಮ ಎನ್ನಲಾರೆ. ಆದರೆ ಬೀಡಿ ಪುಸ್ತಕದಲ್ಲಿ ಅವಳ ಹೆಸರಿದ್ದರೂ ಹಣ ಎಣಿಸಿಕೊಳ್ಳುತ್ತಿದ್ದವರು ಉಪ್ಪ. ಇಂದು ನಮ್ಮ ಮಗಳನ್ನು ಕೆಲಸಕ್ಕೋ ಹಾಸ್ಟೆಲಿಗೋ ಕಳಿಸುವಾಗ "ಅಲ್ಲಿ ಕಟ್ಟುನಿಟ್ಟು ಇದೆಯಾ?" ಎಂದು ಕೇಳುತ್ತೇವೆ. ಅದರ ಜೊತೆಗೆ ಇನ್ನೆರಡು ಮಾತು ಕೇಳೋಣ: ಅವಳ ಸಂಬಳ ತಿಂಗಳು ತಿಂಗಳು ಅವಳ ಕೈಗೇ ಬರುತ್ತದೆಯೇ? ಬೇಡವೆನಿಸಿದ ದಿನ ಅವಳು ಎದ್ದು ಮನೆಗೆ ಬರಬಹುದೇ?