ಕ್ವಾಲ್‌ಟ್ರೋ ಯಾರು?

1931ರ ಜನವರಿ 19, ಲಿವರ್‌ಪೂಲ್. ವಿಮಾ ಏಜೆಂಟ್ ವಿಲಿಯಂ ಹರ್ಬರ್ಟ್ ವಾಲೆಸ್ ಚೆಸ್ ಕ್ಲಬ್ಬಿಗೆ ಬರುವ ಮೊದಲೇ ಅವನಿಗೊಂದು ಫೋನ್ ಬಂದಿತ್ತು. ಮರುದಿನ ಸಂಜೆ ಏಳೂವರೆಗೆ 25, ಮೆನ್ಲವ್ ಗಾರ್ಡನ್ಸ್ ಈಸ್ಟ್‌ಗೆ ಬರಬೇಕೆಂದು ಕ್ವಾಲ್‌ಟ್ರೋ ಎಂಬಾತ ಹೇಳಿಟ್ಟಿದ್ದ. ವಾಲೆಸ್ ಹೋಗಿ ಹುಡುಕಿದ. ನಾರ್ತ್, ಸೌತ್, ವೆಸ್ಟ್ ಇದ್ದವು. ಈಸ್ಟ್ ಇರಲೇ ಇಲ್ಲ. ಮನೆಗೆ ಮರಳಿದರೆ ಹೆಂಡತಿ ಜೂಲಿಯಾ ಮುಂಕೋಣೆಯಲ್ಲಿ ಕೊಲೆಯಾಗಿ ಬಿದ್ದಿದ್ದಳು. ಅವಳ ಕೆಳಗೆ ಅವನದೇ ಮಳೆಕೋಟು, ರಕ್ತ ಮೆತ್ತಿ ಅರೆಬರೆ ಸುಟ್ಟಿತ್ತು.

ಫೋನ್ ಬಂದದ್ದು ಅವನ ಮನೆಯಿಂದ ಸುಮಾರು 400 ಗಜ ದೂರದ ಬೂತಿನಿಂದ. ಕ್ವಾಲ್‌ಟ್ರೋ ಇವನೇ ಎಂದರು ಪೊಲೀಸರು. ಆದರೆ ಫೋನ್ ಎತ್ತಿಕೊಂಡವನು ವಾಲೆಸ್‌ನನ್ನು ಚೆನ್ನಾಗಿ ಬಲ್ಲವನು. ಅದು ಅವನ ದನಿ ಎಂದು ಒಪ್ಪಲಿಲ್ಲ. ಹಾಲಿನ ಹುಡುಗ ಜೂಲಿಯಾಳೊಡನೆ ಮಾತಾಡಿದ್ದು ಆರೂವರೆಯ ಆಸುಪಾಸಿನಲ್ಲಿ. ಏಳು ದಾಟುತ್ತಿದ್ದಂತೆ ವಾಲೆಸ್ ದೂರದ ಟ್ರಾಮ್ ಸ್ಟಾಪಿನಲ್ಲಿದ್ದ. ಅವನ ಬಟ್ಟೆಯಲ್ಲಿ ರಕ್ತವಿಲ್ಲ, ಆಯುಧ ಸಿಗಲೇ ಇಲ್ಲ.

ನಮ್ಮಲ್ಲಿ ಸರ್ವರ್ ಕುಸಿದು ಕಾರಣ ಸಿಗದಿದ್ದರೆ, ಕೊನೆಗೆ ಕೋಡ್ ಮುಟ್ಟಿದವನನ್ನೇ ಹಿಡಿಯುತ್ತೇವೆ. ನಾನೂ ಹಿಡಿದಿದ್ದೇನೆ, ತಪ್ಪಾಗಿ. ಮಳೆಕೋಟು ಅಲ್ಲಿಗೆ ಹೇಗೆ ಬಂತೆಂದು ವಾಲೆಸ್‌ಗೂ ಗೊತ್ತಿರಲಿಲ್ಲ. ಅದನ್ನು ವಿವರಿಸುವ ಹೊಣೆ ಅವನದೇ? ನ್ಯಾಯಾಧೀಶರ ಮಾತು ಬಿಡುಗಡೆಯತ್ತ ವಾಲಿದ್ದರೂ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಅಪರಾಧಿ ಎಂದಿತು. ಶಿಕ್ಷೆ ಗಲ್ಲು.

ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ, ಸಾಕ್ಷ್ಯ ಆ ತೀರ್ಪನ್ನು ಹೊರಲಾರದೆಂದು ಅದನ್ನು ರದ್ದು ಮಾಡಿತು. ವಾಲೆಸ್ ಹೊರಬಂದ. ಊರಿನ ಸಂಶಯ ತಾಳಲಾರದೆ ಮನೆ ಬದಲಿಸಿದ, 1933ರಲ್ಲಿ ತೀರಿಕೊಂಡ. ಕ್ವಾಲ್‌ಟ್ರೋ ಯಾರೆಂಬುದು ಇವತ್ತಿಗೂ ಸಾಬೀತಾಗಿಲ್ಲ.