ಮಹಾಪ್ರವಾಹ ಮುನ್ಸೂಚನೆಯಲ್ಲಿ ಯಂತ್ರಕಲಿಕೆಯ ಮಿತಿಗಳು

ಮಳೆ ಮತ್ತು ಹಿಂದಿನ ಹರಿವಿನ ದಾಖಲೆಗಳಿಂದ ಕಲಿತು ನದಿಯ ಮಟ್ಟವನ್ನು ಅಂದಾಜಿಸುವ ಗಣಕ ಮಾದರಿಗಳು ಸಾಧಾರಣ ನೆರೆಯನ್ನು ಚೆನ್ನಾಗಿ ಗುರುತಿಸುತ್ತವೆ. ಆದರೆ ಅಪರೂಪದ ಮಹಾಪ್ರವಾಹದ ತುತ್ತತುದಿಯನ್ನು ಹಲವೊಮ್ಮೆ ತಗ್ಗಿಸಿ ಹೇಳುತ್ತವೆ. ಮುಖ್ಯ ಕಾರಣ ದಾಖಲೆಯ ಕೊರತೆ. ಜರ್ಮನಿಯ ಆರ್ ನದಿಗೆ ಆಲ್ಟೆನಾರ್‌ನಲ್ಲಿರುವ ಮಾಪನ ಕೇಂದ್ರದ ನಿರಂತರ ದಾಖಲೆ 1940ರ ದಶಕದಿಂದೀಚಿನದು. 1804 ಮತ್ತು 1910ರ ಭೀಕರ ನೆರೆಗಳು ಅದರಲ್ಲಿಲ್ಲ. 2021ಕ್ಕೆ ಮೊದಲು ಅಲ್ಲಿ ಅಳೆದಿದ್ದ ಅತಿ ಹೆಚ್ಚಿನ ಮಟ್ಟ 2016ರ 3.71 ಮೀಟರ್. 2021ರ ಜುಲೈ 14ರ ರಾತ್ರಿ ನೀರು ಸುಮಾರು 10 ಮೀಟರ್ ಮುಟ್ಟಿತೆಂದು ಆಮೇಲೆ ಅಂದಾಜಿಸಬೇಕಾಯಿತು, ಏಕೆಂದರೆ ಮಾಪಕವೇ ಹಾಳಾಗಿತ್ತು. ಕಣಿವೆಯಲ್ಲಿ 130ಕ್ಕೂ ಹೆಚ್ಚು ಜನ ಸತ್ತರು.

ಜಲವಿಜ್ಞಾನದಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವ, 1997ರಲ್ಲಿ ಪ್ರಕಟವಾದ ಎಲ್‌ಎಸ್‌ಟಿಎಂ ಎಂಬ ಕೃತಕ ನರಜಾಲಕ್ಕೆ ರಚನೆಯಲ್ಲೇ ಒಂದು ತಡೆಯಿದೆ. ಅದರ ಕೋಶಗಳು ಹೊರಗೆಡಹುವ ಸಂಖ್ಯೆ -1 ಮತ್ತು 1ರ ನಡುವೆಯೇ ಉಳಿಯುವುದರಿಂದ, ತರಬೇತಿ ಮುಗಿದ ಮಾದರಿಗೆ ಮಳೆ ಎಷ್ಟೇ ಸುರಿದರೂ ದಾಟಲಾಗದ ಒಂದು ಮೇಲ್ಮಿತಿ ಇರುತ್ತದೆ. ನೂರಾರು ನದಿಗಳ ದಾಖಲೆಯನ್ನು ಒಟ್ಟಿಗೆ ಕಲಿಸಿದರೆ ಆ ಮಿತಿ ಮೇಲೇರುತ್ತದೆ, ಇಲ್ಲವಾಗುವುದಿಲ್ಲ. ಇದಲ್ಲದೆ, ಆರ್ ಕಣಿವೆಯಲ್ಲಿ ಆದಂತೆ ಮರದ ದಿಮ್ಮಿ, ವಾಹನಗಳು ಸಿಕ್ಕಿಕೊಂಡು ಸೇತುವೆಯ ಕೆಳಗೆ ನೀರಿನ ದಾರಿ ಮುಚ್ಚಿಹೋಗುವುದು ಮಳೆಯ ಅಂಕಿಗಳಲ್ಲಿ ಕಾಣುವುದೇ ಇಲ್ಲ. ಹಳೆಯ ನೆರೆಗುರುತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮುನ್ಸೂಚನೆಯನ್ನು ಜನರ ಪ್ರಾಣದ ವಿಷಯದಲ್ಲಿ ನಂಬುವಂತಿಲ್ಲ.